‘ತಪ್ಪಾಯ್ತು ಬುದ್ಧಿ’ ಅಂದರೆ ಅಪೀಲಿನ ಬಾಗಿಲು ಮುಚ್ಚುತ್ತೆ

ನಂಜನಗೂಡು, ತಿ. ನರಸೀಪುರ ಕಡೆ ದೊಡ್ಡವರ ಮುಂದೆ ನಿಂತರೆ ‘ತಪ್ಪಾಯ್ತು ಬುದ್ಧಿ’ ಅನ್ನುವುದು ರೂಢಿ. ತಪ್ಪು ಮಾಡದವರೂ ಹೇಳುತ್ತಾರೆ. ಕೋರ್ಟಿನ ಕಟಕಟೆಯಲ್ಲಿ ಮಾತ್ರ ಅದು ಮರ್ಯಾದೆಯ ಮಾತಾಗಿ ಉಳಿಯದೆ ತಪ್ಪೊಪ್ಪಿಗೆ ಆಗಿಬಿಡಬಹುದು. ಹೇಳಿದವನಿಗೆ ಮನಸ್ಸಿನ ಕಾಯಿಲೆ ಇದ್ದರೆ?

ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇದಕ್ಕೆ ದಾರಿ ಇತ್ತು. ಆರೋಪಿಯ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ ಡಾಕ್ಟರಿಂದ ಪರೀಕ್ಷೆ ಮಾಡಿಸಬೇಕು, ತನ್ನ ಪರ ವಾದಿಸಲು ಆಗದವನಾದರೆ ವಿಚಾರಣೆ ನಿಲ್ಲಿಸಬೇಕು. 1973ರ ಸಂಹಿತೆಯಲ್ಲೂ ಅದು ಉಳಿಯಿತು, 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಆದರೆ ಮೊದಲು ಅನುಮಾನ ಬರಬೇಕಲ್ಲ! ಕೂಗಾಡುವವನ ಮೇಲೆ ಬರುತ್ತೆ. ಕೇಳಿದ್ದಕ್ಕೆಲ್ಲ ‘ಹೂಂ’ ಅನ್ನುವವನ ಮೇಲೆ ಯಾರಿಗೆ ಬರುತ್ತೆ?

ಆ ‘ಹೂಂ’ಗೆ ಬೆಲೆ ದೊಡ್ಡದು. ತಪ್ಪೊಪ್ಪಿಕೊಂಡು ಶಿಕ್ಷೆಯಾದರೆ, ಸಾಮಾನ್ಯವಾಗಿ ‘ನಾನು ಮಾಡಿಲ್ಲ’ ಎಂದು ಅಪೀಲು ಹೋಗಲು ಬರುವುದಿಲ್ಲ. ಶಿಕ್ಷೆ ಹೆಚ್ಚಾಯಿತು ಅಥವಾ ಕಾನೂನಿಗೆ ಸರಿಯಿಲ್ಲ ಅಂತಷ್ಟೇ ಕೇಳಬಹುದು. ಒಪ್ಪಿದ ಕೂಡಲೇ ಶಿಕ್ಷೆ ಕೊಡಲೇಬೇಕು ಅಂತೇನೂ ಇಲ್ಲ, ಅದು ನ್ಯಾಯಾಧೀಶರ ವಿವೇಚನೆ. ನನ್ನ ಪ್ರಕಾರ ಮನಸ್ಸಿನ ವಿಚಾರ ಕೇಳಬೇಕಾದ ಗಳಿಗೆ ಅದೇ.

ಆದರೆ ಆ ವಿಚಾರ ದೊಡ್ಡದಾಗಿ ಕೇಳಿಬಂದದ್ದು ನೇಣಿನ ಹತ್ತಿರ. ಅದೂ ನಮಗೆ ಗೊತ್ತಿರುವ ಕೇಸಿನ ಜೊತೆಗೇ. 1993ರ ಏಪ್ರಿಲ್ 9ರಂದು ಮಾದಪ್ಪನ ಬೆಟ್ಟದ ಆಚೆ ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿತು. 2001ರಲ್ಲಿ ಮೈಸೂರಿನ ಟಾಡಾ ಕೋರ್ಟ್ ಕೊಟ್ಟದ್ದು ಜೀವಾವಧಿ. ಶಿಕ್ಷೆಯ ವಿರುದ್ಧ ಅಪೀಲು ಹೋದ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಣದಂಡನೆಗೆ ಏರಿಸಿತು! 2013ರಲ್ಲಿ ಕ್ಷಮಾದಾನವೂ ಸಿಗಲಿಲ್ಲ.

2014ರ ಜನವರಿ 21ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಪೀಠ ಈ ನಾಲ್ವರೂ ಸೇರಿ 15 ಜನರನ್ನು ನೇಣಿನಿಂದ ಉಳಿಸಿತು. ಪಾಲಾರಿನವರಿಗೆ ಕಾರಣ, ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತದ್ದು. ನಮ್ಮ ಕಡೆ ಸುದ್ದಿಯಾದದ್ದು ಇಷ್ಟೇ. ಅದೇ ತೀರ್ಪಿನಲ್ಲಿ ಉತ್ತರಾಖಂಡದ ಒಬ್ಬ ಕೈದಿಯೂ ಇದ್ದ. ಅವನಿಗೆ ಸ್ಕಿಜೋಫ್ರೇನಿಯಾ. ಇಂಥ ಕಾಯಿಲೆ ಇದ್ದವನನ್ನು ನೇಣಿಗೆ ಹಾಕಬಾರದು, ಮರಣದಂಡನೆ ಕೈದಿಗಳ ಮಾನಸಿಕ ಆರೋಗ್ಯವನ್ನು ಆಗಾಗ ಪರೀಕ್ಷಿಸುತ್ತಿರಬೇಕು ಎಂದು ಕೋರ್ಟ್ ಹೇಳಿತು.

ಸಣ್ಣ ಕೇಸಿನಲ್ಲಿ ತಲೆಯಾಡಿಸಿ ಬರುವವನಿಗೆ ಅಂಥ ಪರೀಕ್ಷೆ ತಾನಾಗಿ ಆಗುವುದಿಲ್ಲ, ಯಾರಾದರೂ ಬಾಯಿ ಬಿಡಬೇಕು. ನಿಮ್ಮ ಮನೆಯವರಿಗೆ ಚಿಕಿತ್ಸೆ ನಡೆಯುತ್ತಿದ್ದರೆ ಆಸ್ಪತ್ರೆ ಚೀಟಿಯನ್ನು ಮೊದಲ ದಿನವೇ ವಕೀಲರ ಕೈಗೆ ಕೊಡಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಫೋನ್ 15100.