ಬೇಲೂರಿನ ಮದನಿಕೆಯರೂ ಅಂತಃಪುರಗೀತೆಯೂ

ಸಕಲೇಶಪುರ ಆಲೂರುಗಳ ಗುಡ್ಡಗಾಡಿಗೆ ಉತ್ತರದಲ್ಲಿ, ಯಗಚಿಯ ದಡದ ಬೇಲೂರಿನಲ್ಲಿ ವಿಷ್ಣುವರ್ಧನನು ಕ್ರಿ. ಶ. 1117 ರಲ್ಲಿ ಪ್ರತಿಷ್ಠೆ ಮಾಡಿಸಿದ ಕೇಶವಾಲಯವು ವಾಚಕರಿಗೆ ಸುಪರಿಚಿತವಾದುದೇ. ಅಲ್ಲಿಯ ಮದನಿಕಾ ವಿಗ್ರಹಗಳನ್ನು ಕುರಿತು ಶ್ರೀ ಡಿ. ವಿ. ಗುಂಡಪ್ಪನವರು ರಾಗತಾಳಗಳನ್ನು ಗೊತ್ತುಮಾಡಿ ರಚಿಸಿದ ‘ಅಂತಃಪುರಗೀತೆ’ಯು 1950 ರಲ್ಲಿ ಪ್ರಕಟವಾಯಿತು. ಶಿಲ್ಪಿಯ ಮನಸ್ಸಿನಲ್ಲಿದ್ದುದನ್ನೇ ಕವಿಯು ಮಾತಿಗೆ ತಂದನೆಂದು ಪಾಠಹೇಳುವುದು ಸುಲಭ. ಅದು ಯುಕ್ತವೆಂದು ನಮಗೆ ತೋರುವುದಿಲ್ಲ.

ದೇವಾಲಯದ ಹೊರಗೋಡೆಯಲ್ಲಿ ಪುರಾಣಕ್ಕೆ ಕೊರತೆಯೇನೂ ಇಲ್ಲ. ಹಿರಣ್ಯಕಶಿಪುವನ್ನು ಸೀಳುವ ನರಸಿಂಹ, ಗಜಾಸುರನನ್ನು ಮರ್ದಿಸಿ ಕುಣಿಯುವ ಶಿವ, ಕೈಲಾಸವನ್ನೆತ್ತುವ ರಾವಣ, ಎಲ್ಲರೂ ಅಲ್ಲಿದ್ದಾರೆ. ಮದನಿಕೆಯರ ನೆಲೆ ಇವರಿಗಿಂತ ಮೇಲೆ, ಸೂರಿನ ಕೆಳಗೆ. ಒಟ್ಟು 42 ವಿಗ್ರಹಗಳಲ್ಲಿ 38 ಹೊರಗಿವೆ. ಉಳಿದ 4 ಮಾತ್ರ ನವರಂಗದೊಳಗೆ. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ. ಒಬ್ಬಳು ಗಿಣಿಯೊಡನೆ ಮಾತಾಡುತ್ತಾಳೆ. ಇನ್ನೊಬ್ಬಳ ಸೀರೆಯನ್ನು ಕೋತಿ ಹಿಡಿದೆಳೆಯುತ್ತಿದೆ. ದರ್ಪಣಸುಂದರಿ, ಶುಕಭಾಷಿಣಿ ಎಂದು ಮೊದಲಾಗಿ ನಾವು ಕರೆಯುವ ಹೆಸರುಗಳು ಅವರ ಚೇಷ್ಟೆಯನ್ನು ತಿಳಿಸುತ್ತವೆಯೇ ಹೊರತು ಯಾವ ಕಥೆಯನ್ನೂ ಅಲ್ಲ. ಭಸ್ಮಮೋಹಿನಿಯೆನಿಸಿದ ನರ್ತಕಿಯಂಥ ಕೆಲವರದು ಬೇರೆಯ ಮಾತು. ಪೀಠಗಳಲ್ಲಿ ಅಲ್ಲಲ್ಲಿ ಶಿಲ್ಪಿಗಳು ತಮ್ಮ ಹೆಸರು ಬಿರುದುಗಳನ್ನು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರು ಹಾಗೆ ನಮಗೆ ಗೊತ್ತಾದವರು.

ಗುಂಡಪ್ಪನವರು ಇವರನ್ನೆಲ್ಲ ಚೆನ್ನಕೇಶವನ ರಾಣೀವಾಸಕ್ಕೆ ಸೇರಿಸಿದರು. ಜಗತಿಯ ಮೇಲೆ ಪ್ರದಕ್ಷಿಣೆ ಬರುವ ಯಾತ್ರಿಕರೆಲ್ಲರ ಕಣ್ಣಿಗೂ ಬೀಳುವಂತೆ, ಮಲೆನಾಡಂಚಿನ ಮಳೆಗಾಳಿಗೆ ಮೈಯೊಡ್ಡಿ ಎಂಟು ಶತಮಾನ ನಿಂತವರು ಕಾವ್ಯದಲ್ಲಿ ಒಳಮನೆಯವರಾದರು. ಭಾಗವತದ ಗೋಪಿಕೆಯರ ಭಾವವೂ ದಾಸರ ಪದಗಳ ಸಲಿಗೆಯೂ ಈ ಕಲ್ಪನೆಯ ಹಿಂದೆ ಇವೆಯೆಂದು ನಾವು ಊಹಿಸುತ್ತೇವೆ. ಪುರಾಣದ ನಂಟು ಇಲ್ಲಿ ಕಲ್ಲಿನಿಂದ ಬಂದುದಲ್ಲ, ಕವಿಯು ಬೆಸೆದುದು.

ಪಶ್ಚಿಮದ ಒಂದು ನಿದರ್ಶನವನ್ನು ಪಕ್ಕದಲ್ಲಿಟ್ಟರೆ ಇದು ವಿಶದವಾಗುವುದು. ಬ್ರಸೆಲ್ಸ್ ನಗರದ ಚಿತ್ರಶಾಲೆಯಲ್ಲಿ ಇಕಾರಸನ ಪತನವನ್ನು ತೋರಿಸುವ ಪಟವೊಂದುಂಟು. ಬಹುಕಾಲ ಬ್ರೂಗೆಲನದೆಂದು ಎಣಿಸಿದ್ದ ಅದನ್ನು ಅವನ ಮೂಲಚಿತ್ರದ ಪ್ರತಿಯೆಂದು ಈಗಿನ ವಿದ್ವಾಂಸರಲ್ಲಿ ಅನೇಕರು ಭಾವಿಸುತ್ತಾರೆ. ಓವಿಡ್ ಕವಿಯ ಕಥೆಯಲ್ಲಿ ರೆಕ್ಕೆಕಟ್ಟಿ ಹಾರುವವರನ್ನು ಕಂಡು ಉಳುವವನೂ ಕುರುಬನೂ ಗಾಳಗಾರನೂ ಬೆರಗಾಗುತ್ತಾರೆ. ಪಟದಲ್ಲಿ ಅದೇ ಮೂವರು ಇದ್ದರೂ ನೀರಿಗೆ ಬಿದ್ದವನತ್ತ ಯಾರೂ ತಿರುಗಿಲ್ಲ. 1938 ರಲ್ಲಿ ಆಂಗ್ಲಕವಿ ಆಡನ್ ತನ್ನ ಕವನಕ್ಕೆ ಎತ್ತಿಕೊಂಡುದು ಈ ಉದಾಸೀನವನ್ನೇ. ಪುರಾಣವನ್ನು ತಿರುಗಿಸಿದವನು ಅಲ್ಲಿ ಚಿತ್ರಕಾರ. ಕವಿಯು ಅವನ ಬೆನ್ನು ಹಿಡಿದನು. ಬೇಲೂರಿನಲ್ಲಿ ಶಿಲ್ಪಿ ಹೇಳದೆ ಬಿಟ್ಟ ಸ್ಥಳವನ್ನು ಕವಿಯು ತುಂಬಿದನು.

ದೇವಾಲಯದ ಹೆಂಗಸರೆಲ್ಲ ದೇವರ ಸೇವೆಯವರೇ ಅಲ್ಲವೆ ಎಂದು ಆಕ್ಷೇಪಿಸಬಹುದು. ನರ್ತಕಿ, ಮದ್ದಳೆಗಾರ್ತಿಯರ ವಿಷಯದಲ್ಲಿ ಒಪ್ಪೋಣ. ಬಿಲ್ಲು ಹಿಡಿದು ನಿಂತ ಬೇಟೆಗಾರ್ತಿಯನ್ನು ಯಾವ ಅಂತಃಪುರದ ಬಾಗಿಲಿನಿಂದ ಒಳಗೆ ಕರೆಯಬೇಕೆಂಬುದನ್ನು ಶಿಲ್ಪವು ಹೇಳುವುದಿಲ್ಲ.