ಹಳೆಯ ಮಾಡೆಲ್ಲೋ, ಹೊಸ ಮಾಡೆಲ್ಲೋ?

ಮನೆಗೊಂದು ಕಾರು ತರುವ ಮಾತು ಬಂದಾಗ ಎರಡು ಪಕ್ಷಗಳಾಗುವುದುಂಟು. ಹತ್ತಾರು ವರ್ಷ ಜನ ಓಡಿಸಿ ನೋಡಿದ ಹಳೆಯ ಮಾಡೆಲ್ಲೇ ಇರಲಿ ಎಂಬುದು ಹಿರಿಯರ ವಾದ. ಈಗ ತಾನೇ ಬಂದ ಹೊಸ ಮಾಡೆಲ್ ಬೇಕು ಎಂಬುದು ಮಕ್ಕಳ ಹಟ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮಧ್ಯಮ ವರ್ಗದ ಸಂಸಾರಕ್ಕೆ ಮನೆ, ಮದುವೆಗಳನ್ನು ಬಿಟ್ಟರೆ ಇದೇ ದೊಡ್ಡ ಖರ್ಚು. ಆದ್ದರಿಂದ ಚರ್ಚೆ ಸಹಜ. ಆದರೆ ಹೀಗೆ ಚರ್ಚಿಸುವ ಅವಕಾಶ ನಮ್ಮವರಿಗೆ ಬಹುಕಾಲ ಇರಲೇ ಇಲ್ಲ ಎಂಬುದು ಗಮನಿಸಬೇಕಾದ ಸಂಗತಿ.

ಲೈಸೆನ್ಸ್ ಪದ್ಧತಿಯ ಕಾಲದಲ್ಲಿ ಕಾರು ತಯಾರಿಸಲು ಅನುಮತಿ ಇದ್ದದ್ದು ಬೆರಳೆಣಿಕೆಯ ಕಂಪನಿಗಳಿಗೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿದ ಅಂಬಾಸಡರ್ 1957ರಲ್ಲಿ ಬಂತು. 2014ರವರೆಗೂ ತಯಾರಾಗುತ್ತಲೇ ಇತ್ತು. ನಡುವೆ ಮಾರ್ಕ್-2, ಮಾರ್ಕ್-3, ಮಾರ್ಕ್-4 ಎಂಬ ‘ಹೊಸ’ ಮಾಡೆಲ್‌ಗಳು ಬಂದರೂ ಕಣ್ಣಿಗೆ ಕಾಣುವ ವ್ಯತ್ಯಾಸ ಮುಖ್ಯವಾಗಿ ಮುಂದಿನ ಜಾಲರಿಯಲ್ಲಿತ್ತು. ಮುಂಬಯಿಯ ಪ್ರೀಮಿಯರ್ ಕಂಪನಿಯ ಫಿಯೆಟ್ 1100 ಕಾರು 1974ರಲ್ಲಿ ‘ಪ್ರೀಮಿಯರ್ ಪದ್ಮಿನಿ’ ಆಯಿತು. ಹೆಸರು ಬದಲಾಯಿತೇ ಹೊರತು ಕಾರು ಹೆಚ್ಚೇನೂ ಬದಲಾಗಲಿಲ್ಲ. ಹಣ ಕಟ್ಟಿ ವರ್ಷಗಟ್ಟಲೆ ಕಾದವರಿಗೆ ಸಿಕ್ಕಿದ್ದೇ ಮಾಡೆಲ್. ಒಂದು ಅನುಕೂಲವೂ ಇತ್ತು. ಈ ಕಾರುಗಳ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಯಾವ ಊರಿಗೆ ಹೋದರೂ ಸಿಗುತ್ತಿದ್ದ.

1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಹೊರಬಂದಾಗ ಚಿತ್ರ ಬದಲಾಯಿತು. ಅಂಬಾಸಡರ್, ಪದ್ಮಿನಿಗಳಲ್ಲಿ ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸಿದರೆ ಮಾರುತಿಯಲ್ಲಿ ಅದು ಮುಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಹಿಂಬದಿಗೆ ಶಕ್ತಿ ಸಾಗಿಸುವ ಉದ್ದನೆಯ ಶಾಫ್ಟ್ ಬೇಕಿಲ್ಲವಾದ್ದರಿಂದ ಕಾರು ಹಗುರವಾಯಿತು, ಚಿಕ್ಕ ಕಾರಿನಲ್ಲೂ ಕೂರಲು ಜಾಗ ಉಳಿಯಿತು. ಇಷ್ಟು ಹಗುರದ ಕಾರು ನಮ್ಮ ರಸ್ತೆಗೆ ತಾಳೀತೇ ಎಂದು ಅನುಮಾನಿಸಿದವರು ಇದ್ದರು. ಆದರೆ 30×40 ಸೈಟಿನಲ್ಲಿ ಮನೆ ಕಟ್ಟಿಕೊಂಡವರಿಗೆ ಅಳತೆಯೂ ಮುಖ್ಯವಾಗಿತ್ತು. ಅಂಬಾಸಡರಿನ ಉದ್ದ 14 ಅಡಿಗೂ ಹೆಚ್ಚು. ಮಾರುತಿಯದು ಸುಮಾರು 11 ಅಡಿ. 1986ರಲ್ಲಿ ಅದೇ 796 ಸಿಸಿ ಎಂಜಿನ್ನಿಗೆ ಹೊಸ ದೇಹ ತೊಡಿಸಿ ಎರಡನೆಯ ಮಾಡೆಲ್ ಬಂತು.

ನಿಜವಾದ ಆಯ್ಕೆ ಎದುರಾದದ್ದು 2000ದಲ್ಲಿ. ಆ ವರ್ಷ ಮಾರುತಿ ಕಂಪನಿ ಆಲ್ಟೊ ಕಾರನ್ನು ತಂದಿತಾದರೂ 800ನ್ನು ನಿಲ್ಲಿಸಲಿಲ್ಲ. ಆಲ್ಟೊದಲ್ಲೂ 796 ಸಿಸಿ ಎಂಜಿನ್ ಲಭ್ಯವಿತ್ತು; ಉದ್ದ ಅರ್ಧ ಅಡಿಯಷ್ಟು ಹೆಚ್ಚು, ರೂಪ ಹೊಸದು, ಬೆಲೆಯೂ ತುಸು ಹೆಚ್ಚು. ಒಂದು ದಶಕ ಕಾಲ ಎರಡೂ ಅಕ್ಕಪಕ್ಕ ಮಾರಾಟವಾದವು. ಕೊನೆಗೆ ಬೆಂಗಳೂರಿನ ಮಟ್ಟಿಗೆ ತೀರ್ಪು ಕೊಟ್ಟದ್ದು ಗಿರಾಕಿಗಳಲ್ಲ, ಹೊಗೆಯ ನಿಯಮ. 2010ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್-4 ಮಿತಿ ಬೆಂಗಳೂರೂ ಸೇರಿ 13 ನಗರಗಳಲ್ಲಿ ಜಾರಿಯಾದಾಗ 800ರ ಮಾರಾಟ ಇಲ್ಲಿ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು.

ಈ ಕಥೆಯ ಇನ್ನೊಂದು ಅಧ್ಯಾಯ ನಡೆದದ್ದು ಕೆಂಗೇರಿಯಿಂದ ಮುಂದೆ, ಮೈಸೂರು ರಸ್ತೆಯ ಬಿಡದಿಯಲ್ಲಿ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಕಂಪನಿ 2000ದ ಆರಂಭದಲ್ಲಿ ಕ್ವಾಲಿಸ್ ವಾಹನವನ್ನು ಮಾರುಕಟ್ಟೆಗೆ ತಂದಿತು. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಇಡೀ ಸಂಸಾರ ಒಂದೇ ಗಾಡಿಯಲ್ಲಿ ಧರ್ಮಸ್ಥಳಕ್ಕೋ ತಿರುಪತಿಗೋ ಹೋಗಿಬರಬಹುದಾಗಿತ್ತು. ನಮಗದು ಹೊಸ ಗಾಡಿ. ಆದರೆ ಅದರ ಮೂಲ, ಇಂಡೊನೇಷ್ಯಾದಲ್ಲಿ 1986ರಿಂದ ಓಡುತ್ತಿದ್ದ ಕಿಜಾಂಗ್. ಅಲ್ಲಿ 1997ರ ಹೊತ್ತಿಗೇ ಅದರ ಜಾಗಕ್ಕೆ ಮುಂದಿನ ಮಾಡೆಲ್ ಬಂದಿತ್ತು. 2005ರಲ್ಲಿ ಮಾರಾಟ ಚೆನ್ನಾಗಿದ್ದಾಗಲೇ ಕಂಪನಿ ಕ್ವಾಲಿಸನ್ನು ನಿಲ್ಲಿಸಿ ಇನೋವಾ ತಂದಿತು. ಹಳೆಯದೇ ಬೇಕೆಂದವರು ಸೆಕೆಂಡ್‌ಹ್ಯಾಂಡ್ ಗಾಡಿ ಹುಡುಕಬೇಕಾಯಿತು. 2016ರಲ್ಲಿ ಇನೋವಾ ‘ಕ್ರಿಸ್ಟಾ’ ಬಂತು.

2022ರ ನವೆಂಬರ್ 25ರಂದು ‘ಹೈಕ್ರಾಸ್’ ಅನಾವರಣಗೊಂಡಿತು. ಇಂಡೊನೇಷ್ಯಾದಲ್ಲಿ ಅದೇ ವಾಹನ ಪ್ರದರ್ಶನಗೊಂಡದ್ದು ಕೇವಲ ನಾಲ್ಕು ದಿನ ಮೊದಲು. ಕ್ವಾಲಿಸ್ ಇಲ್ಲಿಗೆ ಬರಲು 14 ವರ್ಷ ಹಿಡಿದಿತ್ತು ಎಂಬುದನ್ನು ನೆನೆದರೆ ಮಾರುಕಟ್ಟೆ ಎಷ್ಟು ಬದಲಾಗಿದೆ ಎಂಬುದು ತಿಳಿಯುತ್ತದೆ. ಈ ಬಾರಿ ಹಳೆಯದೂ ಉಳಿಯಿತು: ಕ್ರಿಸ್ಟಾ 2023ರಲ್ಲಿ ಡೀಸೆಲ್ ಎಂಜಿನ್ ಮತ್ತು ಕೈಯಿಂದ ಹಾಕುವ ಗೇರಿನೊಂದಿಗೆ ಮಾತ್ರ ಮರಳಿ ಬಂತು.

ಇವೆರಡರ ನಡುವಣ ಅಂತರ ಬರಿಯ ಜಾಲರಿಯದಲ್ಲ. ಕ್ರಿಸ್ಟಾದಲ್ಲಿ ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ದೇಹವನ್ನು ಕೂರಿಸಲಾಗಿದೆ. ಹಿಂದಿನ ಚಕ್ರಗಳು ಗಾಡಿಯನ್ನು ತಳ್ಳುತ್ತವೆ. ಭಾರ ಹೊತ್ತು ಕೆಟ್ಟ ರಸ್ತೆಯಲ್ಲಿ ಸಾಗಲು ಈ ಕಟ್ಟು ಒಳ್ಳೆಯದು. ಹೈಕ್ರಾಸ್‌ಗೆ ಬೇರೆ ಚೌಕಟ್ಟಿಲ್ಲ, ದೇಹವೇ ಭಾರ ಹೊರುತ್ತದೆ; ಮುಂದಿನ ಚಕ್ರಗಳು ಎಳೆಯುತ್ತವೆ. ಅದರ ಹೈಬ್ರಿಡ್ ಮಾದರಿಯಲ್ಲಿ ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರೂ ಇದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯಲ್ಲಿ ಒಂದಿಷ್ಟು ಬ್ಯಾಟರಿಗೆ ಸೇರುತ್ತದೆ. ಮಾಗಡಿ ರಸ್ತೆಯಂತೆ ಹೆಜ್ಜೆಗೊಮ್ಮೆ ನಿಲ್ಲುವ ಕಡೆ ಇದರಿಂದ ಇಂಧನ ಉಳಿಯುತ್ತದೆ. ಎರಡೂ 15 ಅಡಿ ಮೀರಿದ ಗಾಡಿಗಳು. ಕೊಳ್ಳುವ ಮೊದಲು ಮನೆಯ ಗೇಟಿನ ಒಳಗಿನ ಜಾಗ ಅಳೆಯುವುದು ಕ್ಷೇಮ.

ಹಾಗಾದರೆ ಯಾವುದು ಲೇಸು? ಹಳೆಯ ಮಾಡೆಲ್ಲಿನ ದೊಡ್ಡ ಗುಣವೆಂದರೆ ಅದರ ದೋಷಗಳು ಗೊತ್ತಿರುವುದು. ಯಾವ ಭಾಗ ಎಷ್ಟು ದಿನ ಬಾಳುತ್ತದೆ, ರಿಪೇರಿಗೆ ಏನು ಖರ್ಚು ಎಂಬುದನ್ನು ಮೆಕ್ಯಾನಿಕ್ ಹೇಳಬಲ್ಲ. ಹೊಸದರ ದೋಷಗಳು ತಿಳಿಯಲು ಕಾಲ ಬೇಕು. ಆದರೆ ಹೊಗೆಯ ನಿಯಮ ಬಿಗಿಯಾದಾಗ ಮೊದಲು ಮರೆಯಾಗುವುದು ಹಳೆಯದೇ ಎಂಬುದನ್ನು ಮಾರುತಿ 800 ತೋರಿಸಿಕೊಟ್ಟಿದೆ. ದೂರದ ಊರಿಗೆ ತುಂಬಿದ ಗಾಡಿ ಓಡಿಸುವವರಿಗೂ ದಿನವೂ ನಗರದೊಳಗೇ ಸುತ್ತುವವರಿಗೂ ಉತ್ತರ ಒಂದೇ ಆಗಿರಲಾರದು. ಹಿಂದಿನವರಿಗೆ ಈ ಉತ್ತರವನ್ನು ಕಂಪನಿಯೋ ಸರ್ಕಾರವೋ ಕೊಟ್ಟುಬಿಡುತ್ತಿತ್ತು. ಇಂದು ಅದು ಮನೆಯವರೇ ಕೂತು ಲೆಕ್ಕ ಹಾಕಬೇಕಾದ ವಿಷಯ.