ಗೆರೆಗಳ ಲೆಕ್ಕ: 625ರಿಂದ 1080ರವರೆಗೆ

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯಂಥ ಊರಿನಲ್ಲಿಯೂ ಇಂದು ಡಿಶ್ ಪೆಟ್ಟಿಗೆಯ ಮೆನು ತೆರೆದರೆ 576ಐ, 720ಪಿ, 1080ಐ, 1080ಪಿ ಎಂಬ ಆಯ್ಕೆಗಳು ಕಾಣುತ್ತವೆ. ದೊಡ್ಡ ಸಂಖ್ಯೆಯನ್ನೇ ಒತ್ತುವವರು ಹೆಚ್ಚು. ವಿದ್ಯಾರ್ಥಿ ಮಿತ್ರರೇ, ಈ ಸಂಖ್ಯೆಗಳು ಎಲ್ಲಿಂದ ಬಂದವು?

ಕಥೆ ವಿದ್ಯುತ್ತಿನಿಂದ ಆರಂಭವಾಗುತ್ತದೆ. ಉಯ್ಯಂಬಳ್ಳಿಗೆ ಬಹಳ ದೂರವೇನಲ್ಲದ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು ಸೆಕೆಂಡಿಗೆ 25 ಆವರ್ತದ್ದು. ಮುಂದೆ ನಮ್ಮಲ್ಲಿ 50 ಆವರ್ತದ ವಿದ್ಯುತ್ತು ರೂಢಿಗೆ ಬಂದಿತು. ಟೆಲಿವಿಷನ್ ರೂಪಿಸಿದ ಎಂಜಿನಿಯರುಗಳು ಚಿತ್ರದ ವೇಗವನ್ನು ವಿದ್ಯುತ್ತಿನ ಆವರ್ತಕ್ಕೆ ಹೊಂದಿಸಿದರು. ಇಲ್ಲವಾದರೆ ವಿದ್ಯುತ್ತಿನ ಏರಿಳಿತವೇ ಪರದೆಯ ಮೇಲೆ ಪಟ್ಟಿಯಾಗಿ ತೇಲುತ್ತಿತ್ತು. 60 ಆವರ್ತದ ಅಮೆರಿಕದಲ್ಲಿ ಸೆಕೆಂಡಿಗೆ 30 ಚಿತ್ರ, 525 ಗೆರೆ. ಭಾರತದಲ್ಲಿ 25 ಚಿತ್ರ, 625 ಗೆರೆ. ಆ 625ರಲ್ಲಿ ಚಿತ್ರವನ್ನು ಹೊರುವುವು 576 ಮಾತ್ರ. ಅವನ್ನೂ ಎರಡು ಕಂತಿನಲ್ಲಿ, ಒಂದು ಬಿಟ್ಟು ಒಂದರಂತೆ, ಬರೆಯುತ್ತಿದ್ದರು. 'ಐ' ಅಕ್ಷರದ ಅರ್ಥ ಇದೇ. 'ಪಿ' ಎಂದರೆ ಎಲ್ಲ ಗೆರೆಗಳೂ ಒಮ್ಮೆಗೇ ಬರುವುದು.

ಕರ್ನಾಟಕದ ಹಳ್ಳಿಗಳು ಈ ಗೆರೆಗಳನ್ನು ಕಂಡದ್ದು ಬೆಂಗಳೂರಿಗಿಂತ ಮೊದಲು! 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಉಪಗ್ರಹದಿಂದ ನೇರವಾಗಿ ಚಿತ್ರ ಪಡೆದವು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳೂ ಅದರಲ್ಲಿದ್ದವು. ಕೋಳಿಗೂಡಿನ ಬಲೆಯಂಥ ತಂತಿಜಾಲದ ಬೋಗುಣಿ ಆಂಟೆನಾ, ಕಪ್ಪು–ಬಿಳುಪು ಪೆಟ್ಟಿಗೆ, ಎದುರಿಗೆ ಇಡೀ ಊರು. ಬೆಂಗಳೂರಿಗೆ ಪ್ರಸಾರ ಬಂದದ್ದು 1981ರ ನವೆಂಬರ್ 1ರಂದು; ಅಲ್ಲಿಂದ ಕನ್ನಡ ವಾರ್ತೆ 1983ರ ನವೆಂಬರ್ 19ರಂದು.

ಇಲ್ಲಿ ನಮ್ಮ ಲಿಪಿಯ ತೊಡಕು ಎದುರಾಗುತ್ತದೆ. ರೋಮನ್ ಅಕ್ಷರ ಒಂದೇ ಅಂತಸ್ತಿನ ಮನೆ. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. 30 ಗೆರೆ ಎತ್ತರದ ಶೀರ್ಷಿಕೆಯಲ್ಲಿ ಒತ್ತಿಗೆ ಸಿಗುವುದು ಹತ್ತೇ ಗೆರೆ. ಅಷ್ಟರಲ್ಲಿ 'ಕ್ಷ್ಮ'ದಂಥ ಅಕ್ಷರ ಮೂಡಬೇಕು. ನನ್ನ ಮಟ್ಟಿಗೆ ಕನ್ನಡಿಗರಿಗೆ ಸ್ಪಷ್ಟತೆಯ ಪರೀಕ್ಷೆ ನಟಿಯ ಮುಖವಲ್ಲ, ಪರದೆಯ ಕೆಳಗೆ ಓಡುವ ಸುದ್ದಿಸಾಲು.

ಈಗ ಆಯ್ಕೆಗೆ ಬರೋಣ. ಕೊಳವೆ ಹೋಗಿ ಚಪ್ಪಟೆ ಪರದೆ ಬಂದಾಗ ಗೆರೆಗಳ ಜಾಗದಲ್ಲಿ ಬಿಂದುಗಳು ನಿಂತವು, ಮತ್ತು ಬಿಂದುಗಳ ಸಂಖ್ಯೆ ಕಾರ್ಖಾನೆಯಲ್ಲಿಯೇ ನಿಗದಿ. ಹಳೆಯ ಪ್ರಸಾರದಲ್ಲಿ 720×576, ಅಂದರೆ 4,14,720 ಬಿಂದು. 1920×1080ರಲ್ಲಿ 20,73,600, ಐದು ಪಟ್ಟು. ಪೆಟ್ಟಿಗೆಯನ್ನು 1080ಕ್ಕೆ ಇಟ್ಟರೂ 576 ಗೆರೆಯ ವಾಹಿನಿಯಲ್ಲಿ ಹೊಸ ವಿವರ ಹುಟ್ಟುವುದಿಲ್ಲ; ಇದ್ದುದನ್ನೇ ಹಿಗ್ಗಿಸಿ ಹಂಚುತ್ತಾರೆ, ಹಾಲಿಗೆ ನೀರು ಬೆರೆಸಿದಂತೆ.

ಆದ್ದರಿಂದ ಮೊದಲು ಟಿ.ವಿ.ಯ ಕೈಪಿಡಿ ನೋಡಿ. ಪರದೆ 1920×1080 ಆಗಿದ್ದರೆ 1080 ಸರಿ. 3840×2160ರ ಪರದೆಗೂ 1080 ಸಾಕು, ಏಕೆಂದರೆ ಅಲ್ಲಿ ಪ್ರತಿ ಬಿಂದು ಅಡ್ಡಕ್ಕೂ ಉದ್ದಕ್ಕೂ ಸರಿಯಾಗಿ ಎರಡಾಗುತ್ತದೆ. ತೊಂದರೆ 32 ಅಂಗುಲದ ಅನೇಕ ಟಿ.ವಿ.ಗಳದ್ದು. ಅವುಗಳ ಪರದೆ 1366×768, ಪೆಟ್ಟಿಗೆಯ ಆಯ್ಕೆಗಳಲ್ಲಿ ಸಾಮಾನ್ಯವಾಗಿ ಇಲ್ಲದ ಅಳತೆ. 720 ಕೊಟ್ಟರೆ ಪ್ರತಿ 15 ಗೆರೆಯನ್ನು 16 ಮಾಡಬೇಕು, 1080 ಕೊಟ್ಟರೆ ಕುಗ್ಗಿಸಬೇಕು. ಎರಡರಲ್ಲಿಯೂ ಅಂಚು ಸ್ವಲ್ಪ ಮಸುಕು. ಎರಡನ್ನೂ ಇಟ್ಟು ಒತ್ತಕ್ಷರ ಓದಿ ನೋಡಿ. ಹಳದಿ ತುದಿಯ ಹಳೆಯ ತಂತಿ ಬಳಸುತ್ತಿದ್ದರೆ ಈ ಶ್ರಮವೆಲ್ಲ ವ್ಯರ್ಥ, ಅದು 576ಕ್ಕಿಂತ ಹೆಚ್ಚು ಹೊರಲಾರದು. ಎಚ್‌ಡಿಎಂಐ ತಂತಿ ಬೇಕು.

ಇನ್ನೊಂದು ಮಾತು. 1980ರ ದಶಕದ ಕಾರ್ಯಕ್ರಮಗಳ ಚೌಕಟ್ಟು 4:3. ಅವನ್ನು ಇಂದಿನ ಅಗಲ ಪರದೆಗೆ ಎಳೆದರೆ ಹಾಡುವವರ ಮುಖ ದಪ್ಪವಾಗಿ, ತಂಬೂರಿ ಗಿಡ್ಡವಾಗಿ ಕಾಣುತ್ತದೆ. ಇಕ್ಕೆಲಗಳ ಕಪ್ಪು ಪಟ್ಟಿ ಹಾಗೆಯೇ ಇರಲಿ.